ಜನನದ ಕಾಲಂನಲ್ಲಿ ಇಬ್ಬರು

1258ರಲ್ಲಿ ಯುರೋಪಿಗೆ ಬೇಸಿಗೆ ಸರಿಯಾಗಿ ಬರಲಿಲ್ಲ. ಇಂಗ್ಲೆಂಡಿನಲ್ಲಿ ವಸಂತದುದ್ದಕ್ಕೂ ಉತ್ತರದ ಗಾಳಿ ಬೀಸಿತು, ಬೆಳೆ ಕೈಗೆ ಬರಲಿಲ್ಲ, ಲಂಡನ್ನಿನಲ್ಲಿ ಬಡವರು ಹಸಿದು ಸತ್ತರು. ಅದೇ ವರ್ಷ ಸಿಸಿಲಿಯಲ್ಲಿ ಒಬ್ಬ, ತನ್ನ ಮಲಸಹೋದರನ ಚಿಕ್ಕ ಮಗ ಸತ್ತನೆಂದು ಹಬ್ಬಿದ ಸುದ್ದಿಯನ್ನೇ ಹಿಡಿದುಕೊಂಡು ಪಟ್ಟವೇರಿದ. ಹುಡುಗ ಸತ್ತಿರಲಿಲ್ಲ. ಆದರೆ ಹುಡುಗ ಬದುಕಿದ್ದಾನೆಂದು ತಿಳಿದ ಮೇಲೂ ಕಿರೀಟವನ್ನು ಯಾರೂ ವಾಪಸು ಮಾಡಲಿಲ್ಲ.

ಇದನ್ನೆಲ್ಲ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ, ಎಸಿಯ ನೇರ ಕೆಳಗೆ, ಸ್ವೆಟರ್ ಹಾಕಿಕೊಂಡು ಬರೆದೆ. ಹೊರಗೆ ನಲವತ್ತನಾಲ್ಕು ಡಿಗ್ರಿ ಇತ್ತು. ನಮ್ಮ ಕಂಪನಿ ಶಾಲೆಗಳಿಗೆ ಗೋಡೆಯ ಪಟಗಳನ್ನೂ ಸಾಮಾನ್ಯ ಜ್ಞಾನದ ಪುಸ್ತಕಗಳನ್ನೂ ಮಾಡಿ ಮಾರುತ್ತಿತ್ತು. ಒಂದು ವರ್ಷಕ್ಕೆ ಒಂದು ಪುಟ. ಪುಟಕ್ಕೆ ಮೂರು ಕಾಲಂ: ಘಟನೆಗಳು, ಜನನ, ಮರಣ. ಎಂ.ಎ.ಯಲ್ಲಿ ಮಧ್ಯಯುಗದ ಯುರೋಪ್ ಓದಿದ್ದೇನೆ, ಪಿಎಚ್.ಡಿ. ಹೆಸರಿನಲ್ಲಿ ಎರಡು ವರ್ಷ ಅಲೆದು ಒಬ್ಬ ಮುದಿ ಪಾದ್ರಿಯ ಹತ್ತಿರ ಒಂದಿಷ್ಟು ಲ್ಯಾಟಿನ್ ಕಲಿತಿದ್ದೇನೆ ಎಂಬ ಕಾರಣಕ್ಕೆ ಐದು ಶತಮಾನಗಳನ್ನು ನನ್ನ ತಲೆಗೆ ಕಟ್ಟಿದ್ದರು. ಸತ್ಯದ ಬಗ್ಗೆ ಆಗ ನನಗೆ ಬಹಳ ಹಟವಿತ್ತು. 1258ರ ಪುಟದಲ್ಲಿ ಬಾಗ್ದಾದ್ ಮಂಗೋಲರ ಕೈಗೆ ಬಿದ್ದದ್ದನ್ನು ಸೇರಿಸಿದ್ದೆ. ಮ್ಯಾನೇಜರ್ ಅದನ್ನು ಹೊಡೆದುಹಾಕಿ, ಇದು ಯುರೋಪಿನ ಪುಟ ಎಂದು ಪಕ್ಕದಲ್ಲಿ ಬರೆದ. ಎರಡು ದಿನ ಜಗಳವಾಡಿದೆ. ಬಾಗ್ದಾದ್ ಉಳಿಯಲಿಲ್ಲ, ನಾನು ಉಳಿದೆ.

ನನ್ನ ಪುಟಗಳ ಕರಡು ತಿದ್ದುತ್ತಿದ್ದವರು ನಮ್ಮ ಕರಾವಳಿಯವರೇ ಆದ ಒಬ್ಬ ಹಿರಿಯರು, ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಆ ಕಂಪನಿಯಲ್ಲಿ ಅವರಿಗೆ ಇಪ್ಪತ್ತೇಳು ವರ್ಷವಾಗಿತ್ತು. ಹೆಂಡತಿ ಕ್ಯಾನ್ಸರಿನಿಂದ ತೀರಿಹೋಗಿದ್ದರು. ಮದುವೆಯಾಗಿ ಬಹಳ ವರ್ಷಗಳ ನಂತರ ಹುಟ್ಟಿದ ಒಬ್ಬಳೇ ಮಗಳು, ಅಬುಧಾಬಿಯಲ್ಲಿ ಹನ್ನೆರಡನೇ ತರಗತಿಗೆ ಕಾಲಿಟ್ಟಿದ್ದಳು. ತಂದೆ ಮಗಳು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಕಟ್ಟಡದ ಆರನೇ ಮಹಡಿಯಲ್ಲಿದ್ದರು. ನಾನು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ, ನಾಲ್ಕೈದು ಜನ ಹಂಚಿಕೊಂಡ ಕೋಣೆಯ ಒಂದು ಬೆಡ್‌ಸ್ಪೇಸ್‌ನಲ್ಲಿದ್ದೆ. ದಿನಾ ಬೆಳಿಗ್ಗೆ ಅವರ ಕಾರಿನಲ್ಲೇ, ಒಂದು ಗಂಟೆಯ ದಾರಿ, ದುಬೈಯ ಆಫೀಸಿಗೆ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ನಮ್ಮ ಕಂಪನಿಯ ಪಿಆರ್‌ಒ ಕೂರುತ್ತಿದ್ದ. ವೀಸಾ, ಲೇಬರ್ ಕಾರ್ಡು, ಸರಕಾರಿ ಕಚೇರಿ ಎಲ್ಲ ನೋಡಿಕೊಳ್ಳುವವನು. ಬ್ಯಾರಿ ಮುಸಲ್ಮಾನ, ಉಳ್ಳಾಲದ ಕಡೆಯವನು. ಅವನು ಹಿರಿಯರನ್ನು, ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ, ‘ಪೊರ್ಬುಗಳೇ’ ಎನ್ನುತ್ತಿದ್ದ, ಅವರು ಅವನನ್ನು ‘ಬ್ಯಾರಿಗಳೇ’ ಎನ್ನುತ್ತಿದ್ದರು. ನನಗೆ ಇಬ್ಬರೂ ಸೇರಿ ಇಟ್ಟ ಹೆಸರು ಪ್ರೊಫೆಸರ್. ಅದರಲ್ಲಿ ಗೌರವವಿರಲಿಲ್ಲ.

ಕಥೆ ಶುರುವಾದದ್ದು ಆ ಪುಟದಿಂದಲೇ. ಕಾರಿನಲ್ಲಿ ಹೋಗುವಾಗ ಹಿರಿಯರು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು:

“ಎಂತ ಮಾರಾಯ, ನಿನ್ನ ಪುಟದಲ್ಲಿ ಸತ್ತವರು ಹನ್ನೊಂದು ಜನ, ಹುಟ್ಟಿದವರು ಇಬ್ಬರೇ. ಅದರಲ್ಲಿ ಒಬ್ಬನಿಗೆ ‘ಸುಮಾರು’ ಅಂತ ಬೇರೆ ಹಾಕಿದ್ದಿ. ಆ ವರ್ಷ ಯಾರೂ ಹುಟ್ಲೇ ಇಲ್ವಾ?”

“ಅಷ್ಟು ಚಳಿಯಲ್ಲಿ ಹುಟ್ಟದೆ ಇರ್ತಾರಾ ಪೊರ್ಬುಗಳೇ,” ಎಂದ ಪಿಆರ್‌ಒ. “ಪ್ರೊಫೆಸರಿಗೆ ಮದುವೆ ಆಗಿಲ್ಲ, ಗೊತ್ತಿಲ್ಲ.”

ನಾನು ಪಾಠ ಶುರುಮಾಡಿದೆ. ಆ ಕಾಲದಲ್ಲಿ ಹುಟ್ಟಿದ ದಿನ ಯಾರಿಗೂ ಬೇಕಾಗಿರಲಿಲ್ಲ. ಸತ್ತ ದಿನ ಬೇಕಾಗಿತ್ತು, ಯಾಕೆಂದರೆ ಮಠಗಳಲ್ಲಿ ಪ್ರತಿ ವರ್ಷ ಆ ದಿನ ಪ್ರಾರ್ಥನೆ ಮಾಡಬೇಕು. ಹುಟ್ಟುವಾಗ ಯಾರು ದೊಡ್ಡವರಾಗುತ್ತಾರೆಂದು ಯಾರಿಗೆ ಗೊತ್ತು? ಅದಲ್ಲದೆ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದೇ ಮಾರ್ಚ್ ಕೊನೆಗೆ. ಫೆಬ್ರವರಿಯಲ್ಲಿ ನಡೆದದ್ದನ್ನು ಯಾವ ವರ್ಷಕ್ಕೆ ಹಾಕಬೇಕೆಂದು ಇಂದಿಗೂ ಎಡವುತ್ತಾರೆ. ಸಾಲದ್ದಕ್ಕೆ ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳಿರುತ್ತಾರೆ. ಮೊದಲನೆಯದು ಸತ್ತರೆ ಹೆಸರು ಎರಡನೆಯದಕ್ಕೆ.

“ಅದು ನಮ್ಮಲ್ಲೂ ಉಂಟು,” ಎಂದರು ಹಿರಿಯರು. “ಮೊದಲ ಗಂಡಿಗೆ ಅಜ್ಜನ ಹೆಸರು. ಅದು ಹೋದರೆ ಮತ್ತಿನವನಿಗೆ. ಹೆಸರು ಹಾಳು ಮಾಡ್ಲಿಕ್ಕಾಗ್ತದಾ?”

ಈ ಮಾತನ್ನು ಅವರು ಆ ದಿನವೇ ಹೇಳಿದರೋ, ಮುಂದಿನದೆಲ್ಲ ಗೊತ್ತಾದ ಮೇಲೆ ನಾನು ಅವರ ಬಾಯಿಗೆ ತುರುಕಿದೆನೋ, ಖಚಿತವಾಗಿ ಹೇಳಲಾರೆ. ಗೊತ್ತಾದ ನಂತರದ ನೆನಪು ಗೊತ್ತಾಗುವ ಮುಂಚಿನದನ್ನು ತಿದ್ದುತ್ತದೆ. ಆದರೆ ಆ ದಿನ ಅವರು ಹೇಳಿದ ಇನ್ನೊಂದು ಮಾತು ಖಂಡಿತ: “ಹಾಗಾದರೆ ನನ್ನದೂ ‘ಸುಮಾರು’ ಕೇಸೇ. ಅಮ್ಮ ಹೇಳ್ತಿದ್ದಳು, ಸರ್ಟಿಫಿಕೇಟಿನಲ್ಲಿ ನಿನಗೆ ಎರಡು ವರ್ಷ ಜಾಸ್ತಿ ಉಂಟು ಅಂತ. ಕ್ಲಾಸಿನಲ್ಲಿ ನಾನೇ ಎಲ್ಲರಿಗಿಂತ ಗಿಡ್ಡ.”

ಪಿಆರ್‌ಒ ಸೀಟಿನಲ್ಲಿ ತಿರುಗಿ ಕೂತ. “ನಿಜವಾ? ಪೊರ್ಬುಗಳೇ, ಇದು ಮೊದಲೇ ಹೇಳ್ಬಾರ್ದಾ?”

ವಿಷಯ ಇಷ್ಟು. ಪಾಸ್‌ಪೋರ್ಟಿನ ಪ್ರಕಾರ ಬರುವ ಅಕ್ಟೋಬರಿಗೆ ಅವರಿಗೆ ಅರವತ್ತು. ಅರವತ್ತಾದವರ ವೀಸಾವನ್ನು ಕಂಪನಿ ನವೀಕರಿಸುತ್ತಿರಲಿಲ್ಲ. ಮಗಳಿದ್ದದ್ದು ತಂದೆಯ ವೀಸಾದ ಮೇಲೆ. ಅವರದು ರದ್ದಾದರೆ ಅವಳೂ ದೇಶ ಬಿಡಬೇಕು. ಅವಳ ಬೋರ್ಡ್ ಪರೀಕ್ಷೆ ಮಾರ್ಚ್‌ನಲ್ಲಿ. ಹನ್ನೆರಡನೇ ತರಗತಿಯ ನಡುವೆ ಊರಿಗೆ ಹೋದರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ನೀರುಪಾಲು. ಅವರಿಗೆ ಬೇಕಾಗಿದ್ದದ್ದು ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಅಷ್ಟೇ.

“ಮ್ಯಾನೇಜರಿಗೆ ಒಂದು ವರ್ಷ ಮುಂದೆ ಹಾಕುವ ಪವರ್ ಉಂಟು,” ಎಂದ ಪಿಆರ್‌ಒ. “ಅವನು ಕೆಟ್ಟವನಲ್ಲ, ಹೆದರುಪುಕ್ಕ. ಫೈಲಿನಲ್ಲಿ ಕಾರಣಕ್ಕೆ ಒಂದು ಕಾಗದ ಬೇಕು. ಪಾಸ್‌ಪೋರ್ಟ್ ಬದಲಾಯಿಸುದೆಲ್ಲ ಬೇಡ, ಅದಕ್ಕೆ ಹೋದರೆ ಖಲಾಸ್. ಊರಿನ ಇಗರ್ಜಿಯಿಂದ ಜ್ಞಾನಸ್ನಾನದ ಕಾಗದ ತರಿಸಿ, ಅದರಲ್ಲಿ ಹುಟ್ಟಿದ ತಾರೀಕು ಇರ್ತದೆ. ಒಂದು ಶೀಟ್. ಪ್ರೊಫೆಸರ್ ಇಂಗ್ಲಿಷಿನಲ್ಲಿ ಒಂದು ಲೆಟರ್ ಬರೀಲಿ. ಅವನು ಓದುದೂ ಇಲ್ಲ, ಪಿನ್ ಹೊಡೆದು ಇಡ್ತಾನೆ.”

ಒಂದು ಶೀಟ್ ಎಂದು ಅವನು ಹೇಳಿದ್ದು ನನಗೆ ಕೇಳಿಸಿತ್ತು. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಸಂಶಯವಿದ್ದಿದ್ದರೆ ಚೆನ್ನಾಗಿತ್ತೆಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಊರಿನಲ್ಲಿ ಅವರ ತಂಗಿಯ ಮಗ ಇಗರ್ಜಿಗೆ ಹೋಗಿ ಹಳೆಯ ದಾಖಲೆ ಪುಸ್ತಕದ ಫೋಟೋ ತೆಗೆದು ಕಳಿಸಿದ. ಜುಲೈ ಇರಬೇಕು. ಶಾಲೆಗೆ ರಜೆ ಇತ್ತು, ಆದರೂ ಮಗಳು ಊಟದ ಮೇಜಿನ ಅರ್ಧವನ್ನು ಲೆಕ್ಕದ ಪುಸ್ತಕಗಳಿಂದ ತುಂಬಿದ್ದಳು. ಮಧ್ಯಾಹ್ನ. ಶುಕ್ರವಾರ. ಹಿರಿಯರು ಮೀನಿನ ಸಾರು ಮಾಡಿ ನನ್ನನ್ನು ಊಟಕ್ಕೆ ಕರೆದಿದ್ದರು.

“ಎರಡು ಫೋಟೋ ಕಳಿಸಿದ್ದಾನೆ,” ಎಂದು ಫೋನ್ ಕೊಟ್ಟರು. “ಒಂದೇ ಪುಟ ಎರಡು ಸಲ ಹೊಡೆದಿದ್ದಾನೆ ಕಾಣ್ತದೆ. ಯಾವುದು ಕ್ಲಿಯರ್ ಉಂಟು ನೋಡು. ಲ್ಯಾಟಿನ್ ನನಗೆ ಬರುದಿಲ್ಲ.”

ಅದು ಒಂದೇ ಪುಟವಾಗಿರಲಿಲ್ಲ. ಎರಡರಲ್ಲೂ ಅದೇ ಹೆಸರು, ಅದೇ ತಂದೆ ತಾಯಿ, ಅದೇ ಮನೆಯ ಹೆಸರು. ಹುಟ್ಟಿದ ತಾರೀಕುಗಳ ನಡುವೆ ಎರಡು ವರ್ಷಕ್ಕೆ ಒಂದು ತಿಂಗಳು ಕಮ್ಮಿ. ಮೊದಲನೆಯದರ ಅಂಚಿನಲ್ಲಿ ಒಂದು ಸಣ್ಣ ಶಿಲುಬೆ, ಪಕ್ಕದಲ್ಲಿ ತೀರಿಕೊಂಡ ಎಂಬ ಅರ್ಥದ ಲ್ಯಾಟಿನ್ ಪದ, ಆಮೇಲೆ ಒಂದು ದಿನಾಂಕ. ಮಗು ಐದು ತಿಂಗಳು ಬದುಕಿತ್ತು. ಹಿರಿಯರ ಪಾಸ್‌ಪೋರ್ಟಿನಲ್ಲಿದ್ದ ಜನ್ಮದಿನ ಆ ಮಗುವಿನದು.

ಆಗ ನನಗಾದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರು ವರ್ಷದಿಂದ ಬೇರೆಯವರು ಕಂಡುಹಿಡಿದದ್ದನ್ನು ನಕಲು ಮಾಡುತ್ತಿದ್ದವನು ನಾನು. ಇದು ನಾನೇ ಕಂಡದ್ದು. ತಕ್ಷಣ ಹೇಳಿಬಿಟ್ಟೆ, ಎದುರಿಗೆ ತಟ್ಟೆ ಇಟ್ಟುಕೊಂಡು ಕೂತಿದ್ದ ಮನುಷ್ಯನಿಗೆ, ಪುಟದಲ್ಲಿ ಒಂದು ತಪ್ಪು ತೋರಿಸುವ ಹಾಗೆ. ನಿಮಗಿಂತ ಮೊದಲು ಒಬ್ಬ ಅಣ್ಣ ಇದ್ದ, ಇದೇ ಹೆಸರು. ಅವನ ಕಾಗದ ಮನೆಯಲ್ಲಿತ್ತು. ನಿಮ್ಮದನ್ನು ಯಾರೂ ಇಗರ್ಜಿಯಿಂದ ತಂದಿರಲಿಕ್ಕಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಕಾಗದ ಕೇಳಿದರು, ಮನೆಯಲ್ಲಿದ್ದ ಕಾಗದದಲ್ಲಿ ಹೆಸರು ಸರಿಯಿತ್ತು, ಕೊಟ್ಟರು.

ಮಗಳು ಪೆನ್ ಕೆಳಗಿಟ್ಟಳು. “ಸೋ ಡ್ಯಾಡಾ, ಯು ಆರ್ ಯಂಗರ್ ದ್ಯಾನ್ ಯು?”

ಅವರು ನಗಲಿಲ್ಲ. ಹೇಳಿದರು: “ಅಮ್ಮ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೀಲಿಲ್ಲ. ಪುತಾ, ಪುತಾ, ಮಗಾ ಅಂತ. ಅಷ್ಟೇ. ಅಪ್ಪ ಹೆಸರು ಕರೆದರೆ ಅವಳು ಒಳಗೆ ಹೋಗ್ತಿದ್ದಳು. ಮುದ್ದು ಅಂತ ತಿಳ್ಕೊಂಡಿದ್ದೆ ನಾನು.”

ಎರಡೂ ಪುಟಗಳನ್ನು ಲೆಟರಿಗೆ ಲಗತ್ತಿಸೋಣ, ಆಗ ವಿಷಯ ಪೂರ್ತಿ ಸ್ಪಷ್ಟವಾಗುತ್ತದೆ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು. ನನ್ನ ನೆನಪಿನಲ್ಲಿ ಅವರು ತಲೆಯಾಡಿಸಿದ್ದು ಈಗಲೂ ಎದ್ದು ಕಾಣುತ್ತದೆ. ಆದರೆ ಮಗಳು ಆಮೇಲೆ ಹೇಳಿದ್ದು ಬೇರೆ: ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಲೇ ಎಂದು ಅವಳು ಕೇಳಿದಳಂತೆ, ಅದಕ್ಕೆ ಅವರು ತಲೆಯಾಡಿಸಿದರಂತೆ; ನನ್ನ ಮಾತು ಅವರಿಗೆ ಕೇಳಿಸಿರಲೇ ಇಲ್ಲವಂತೆ. ಇಬ್ಬರು ಸಾಕ್ಷಿಗಳು, ಒಂದೇ ತಲೆ. ಮಧ್ಯಯುಗದ ಬರಹಗಾರರು ಇಂಥ ಕಡೆ ಹೇಗೆ ಬೇರೆಬೇರೆ ಬರೆದರೆಂದು ನಾನು ವಿದ್ಯಾರ್ಥಿಯಾಗಿದ್ದಾಗ ಇಪ್ಪತ್ತು ಪುಟದ ಪ್ರಬಂಧ ಬರೆದಿದ್ದೆ. ಒಳ್ಳೆಯ ಅಂಕ ಬಂದಿತ್ತು.

ಸೆಪ್ಟೆಂಬರಿನಲ್ಲಿ ಲೆಟರ್ ಕಳಿಸಬೇಕಾಯಿತು. ಆ ವಾರ ಪಿಆರ್‌ಒ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ನಾನು ಬರೆದದ್ದು ಒಂದೂವರೆ ಪುಟ. ಜ್ಞಾನಸ್ನಾನದ ದಾಖಲೆ ಎಷ್ಟು ನಂಬಲರ್ಹ, ಒಂದೇ ಹೆಸರು ಎರಡು ಮಕ್ಕಳಿಗೆ ಬರುವ ಪದ್ಧತಿ ಏನು, ಶಾಲೆಯ ದಾಖಲೆಯಲ್ಲಿ ಹೇಗೆ ತಪ್ಪು ನುಸುಳಿತು. ಎಲ್ಲ ಕ್ರಮವಾಗಿ, ಅಡಿಟಿಪ್ಪಣಿ ಸಹಿತ. ಎರಡೂ ಫೋಟೋಗಳನ್ನು ಲಗತ್ತಿಸಿ ನೇರ ಮ್ಯಾನೇಜರನಿಗೆ ಮೇಲ್ ಮಾಡಿದೆ. ಬಹಳ ಕಾಲ ನನ್ನ ನೆನಪು ನನಗೆ ಹೇಳಿದ್ದು, ಮ್ಯಾನೇಜರನೇ ಎರಡನೆಯದನ್ನು ಕೇಳಿ ತರಿಸಿಕೊಂಡ ಎಂದು. ಕಳೆದ ವರ್ಷ ಹಳೆಯ ಮೇಲ್ ತೆಗೆದು ನೋಡಿದೆ. ಯಾರೂ ಕೇಳಿಲ್ಲ. ಒಂದೇ ಮೇಲ್, ಎರಡು ಲಗತ್ತು, ಕೆಳಗೆ ನನ್ನ ಹೆಸರಿನ ಮುಂದೆ ಎಂ.ಎ. ಎಂದು ಬೇರೆ ಹಾಕಿಕೊಂಡಿದ್ದೇನೆ.

ಮ್ಯಾನೇಜರ್ ಓದುವುದಿಲ್ಲ ಎಂದಿದ್ದ ಪಿಆರ್‌ಒ. ಅವನು ಓದಿದ. ಓದಿದವನಿಗೆ ಕಂಡದ್ದು ಒಬ್ಬ ವೃದ್ಧ ನೌಕರನ ಕಷ್ಟವಲ್ಲ. ತನ್ನ ಕಂಪನಿ ಇಪ್ಪತ್ತೇಳು ವರ್ಷ ವೀಸಾ ಕೊಟ್ಟ ಪಾಸ್‌ಪೋರ್ಟಿನಲ್ಲಿ ಸತ್ತ ಮಗುವೊಂದರ ಜನ್ಮದಿನವಿದೆ ಎಂಬುದು. ಅವನು ವಕೀಲರನ್ನು ಕೇಳಿದ. ವಕೀಲರು ಮುಟ್ಟಬೇಡಿ ಎಂದರು. ಒಂದು ವರ್ಷವೂ ಇಲ್ಲ, ಒಂದು ತಿಂಗಳೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಅರವತ್ತಾದ ದಿನವೇ ಕ್ಯಾನ್ಸಲ್.

ಊರಿನಿಂದ ವಾಪಸು ಬಂದ ಪಿಆರ್‌ಒ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದ.

“ನಾನು ಎಷ್ಟು ಶೀಟ್ ಹೇಳಿದ್ದು?”

“ಎರಡೂ ಇದ್ದರೆ ಮಾತ್ರ ಅರ್ಥ ಆಗ್ತದೆ...”

“ಯಾರಿಗೆ? ಎಷ್ಟು ಶೀಟ್ ಹೇಳಿದ್ದು ನಾನು, ಅದು ಹೇಳಿ.”

“ಒಂದು.”

“ಒಂದು. ಎರಡನೇ ಮಗುವಿನದ್ದು ಒಂದು ಕೊಟ್ಟಿದ್ದರೆ ಸಾಕಿತ್ತು. ಅದು ಸುಳ್ಳಾ? ಸುಳ್ಳಲ್ಲ. ಪೊರ್ಬುಗಳು ಹುಟ್ಟಿದ್ದೇ ಆ ದಿನ. ನೀವು ಮಾತ್ರ ಸತ್ತವನನ್ನೂ ಕರ್ಕೊಂಡು ಬಂದು ಆಫೀಸಿನಲ್ಲಿ ಕೂರಿಸಿದ್ರಿ.” ಅವನು ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದ. “ಆ ಹುಡುಗಿಗೆ ನೀವೇ ಹೇಳಿ. ನನ್ನ ಹತ್ತಿರ ಆಗುದಿಲ್ಲ.”

ನಾನು ಹೇಳಲಿಲ್ಲ. ಅವಳ ತಂದೆಯೇ ಹೇಳಿದರು. ಮರುದಿನದಿಂದ ನಾನು ಬಸ್ಸಿನಲ್ಲಿ ಹೋಗತೊಡಗಿದೆ. ಕಾರಿಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ.

ಅಕ್ಟೋಬರಿನ ಮೊದಲ ಶುಕ್ರವಾರ ಹಿರಿಯರು ಅಬುಧಾಬಿಯ ಇಗರ್ಜಿಯಲ್ಲಿ ಅಣ್ಣನ ಆತ್ಮಕ್ಕಾಗಿ ಒಂದು ಪೂಜೆ ಇಡಿಸಿದರು. ಅರವತ್ತು ವರ್ಷದಿಂದ ಯಾರೂ ಇಡಿಸಿರಲಿಲ್ಲವಲ್ಲ. ಅವರ ಮೊಣಕಾಲು ನೋಯುತ್ತಿತ್ತು. ಮಗಳು ಕೇಳಿಕೊಂಡಳೆಂದು ಅವರ ಕಾರನ್ನು ನಾನು ಓಡಿಸಿದೆ. ದೇವರಲ್ಲಿ ನಂಬಿಕೆ ಇಲ್ಲದವನು ನಾನು, ಕೊನೆಯ ಬೆಂಚಿನ ಹಿಂದೆ ನಿಂತಿದ್ದೆ. ಪಾದ್ರಿ ಈ ದಿನ ಯಾರಿಗಾಗಿ ಪ್ರಾರ್ಥಿಸುತ್ತೇವೆಂದು ಹೆಸರುಗಳನ್ನು ಓದುತ್ತಾ ಹೋದರು. ಆ ಹೆಸರು ಬಂದಾಗ ಎಲ್ಲೆಡೆ ತಲೆಗಳು ತಿರುಗಿದವು. ಇಪ್ಪತ್ತೇಳು ವರ್ಷ ಅದೇ ಇಗರ್ಜಿಗೆ ಬಂದವರು, ಎಲ್ಲರಿಗೂ ಗೊತ್ತಿದ್ದ ಹೆಸರು. ಹೊರಗೆ ಬರುವಷ್ಟರಲ್ಲಿ ಮಗಳ ಫೋನಿಗೆ ಸಂತಾಪದ ಮೆಸೇಜುಗಳು ಬರತೊಡಗಿದ್ದವು. ಅಂಗಳದಲ್ಲಿ ಒಬ್ಬ ಹೆಂಗಸು ಅವಳನ್ನು ಅಪ್ಪಿಕೊಂಡು ಅಳಲು ಶುರುಮಾಡಿ, ಹಿಂದೆ ನಿಂತಿದ್ದ ಹಿರಿಯರನ್ನು ಕಂಡು “ಜೇಜು!” ಎಂದು ಎದೆ ಹಿಡಿದುಕೊಂಡಳು.

“ಇನ್ನೂ ಹೋಗ್ಲಿಲ್ಲ ಬಾಯಮ್ಮ,” ಎಂದರು ಅವರು. “ಇಪ್ಪತ್ತಮೂರಕ್ಕೆ ಫ್ಲೈಟ್.”

ಜನ ನಕ್ಕರು. ನಾನೂ ನಕ್ಕೆ. ಮಗಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕಿದ್ದು ಆಫೀಸಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಪಿಆರ್‌ಒ ಬೆರಳಿಟ್ಟು ತೋರಿಸಿದಲ್ಲೆಲ್ಲ ಅವರು ಸಹಿ ಹಾಕಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಕೊನೆಯ ಕಟ್ಟು ಕರಡುಗಳನ್ನು ಇಟ್ಟರು. ನಾನು ಕ್ಷಮೆ ಕೇಳಲು ಹೊರಟೆ. ನನ್ನ ಉದ್ದೇಶ ಹೀಗಿರಲಿಲ್ಲ, ಪೂರ್ತಿ ಸತ್ಯ ಹೇಳಿದರೆ ಅವರಿಗೆ ಬಲ ಬರುತ್ತದೆಂದು ಎಣಿಸಿದ್ದೆ ಎಂದು ಏನೇನೋ ಹೇಳಿದೆ.

“ಬಿಡು ಮಾರಾಯ,” ಎಂದರು. “ನೀನು ಕಂಡುಹಿಡಿದದ್ದು ದೊಡ್ಡ ಸಂಗತಿಯೇ. ನನಗೆ ಒಬ್ಬ ಅಣ್ಣ ಸಿಕ್ಕಿದ. ಆದರೆ ನಾನು ನಿನ್ನ ಹತ್ತಿರ ಅಣ್ಣನನ್ನು ಕೇಳಿರ್ಲಿಲ್ಲ. ಮಾರ್ಚ್‌ವರೆಗೆ ಸಮಯ ಕೇಳಿದ್ದು.”

ಧ್ವನಿ ಏರಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು. ಕಟ್ಟಿನ ಮೇಲಿನ ಹಾಳೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದೆಯೆಂದು ತೋರಿಸಿ ಹೋದರು.

ಊರಿನಲ್ಲಿ ಯಾವ ಶಾಲೆಯೂ ಅವಳನ್ನು ನಡುವರ್ಷದಲ್ಲಿ ತೆಗೆದುಕೊಳ್ಳಲಿಲ್ಲ. ಜೂನ್‌ವರೆಗೆ ಮನೆಯಲ್ಲಿ ಕೂತು, ಮಂಗಳೂರಿನ ಒಂದು ಕಾಲೇಜಿನಲ್ಲಿ ಪಿಯುಸಿಯ ಎರಡನೇ ವರ್ಷಕ್ಕೆ ಸೇರಿದಳೆಂದು ಪಿಆರ್‌ಒ ಹೇಳಿದ. ನಾನು ಆ ಕಂಪನಿಯಲ್ಲಿ ಹದಿನೈದನೇ ಶತಮಾನದವರೆಗೂ ಇದ್ದೆ. ಹುಟ್ಟಿದವರ ಕಾಲಂ ತುಂಬುತ್ತಾ ಹೋಯಿತು. ‘ಸುಮಾರು’ ಎಂಬ ಪದ ಕಡಿಮೆಯಾಯಿತು.

ಅವರ ನಿಜವಾದ ಅರವತ್ತನೇ ಹುಟ್ಟುಹಬ್ಬ ಎರಡನೆಯ ದಾಖಲೆಯ ಪ್ರಕಾರ ಎರಡು ವರ್ಷದ ನಂತರ, ಸೆಪ್ಟೆಂಬರಿನಲ್ಲಿ ಬಂತು. ಆ ತಾರೀಕನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದೆ. ಜಗತ್ತಿನಲ್ಲಿ ಅದು ಗೊತ್ತಿದ್ದವರು ನಾಲ್ಕೈದು ಜನ. ದುಬೈಯ ಅಲ್ ಕೂಜ್‌ನಲ್ಲಿ ಇನ್ನೊಂದು ಕೆಲಸ ಹಿಡಿದಿದ್ದೆ. ಊಟದ ವಿರಾಮದಲ್ಲಿ ಹೊರಗೆ ಬಂದು, ಒಂದು ವರ್ಕ್‌ಶಾಪಿನ ನೆರಳಿನಲ್ಲಿ ನಿಂತು ಕರೆ ಮಾಡಿದೆ. ಎತ್ತಿದ್ದು ಮಗಳು.

“ಅಪ್ಪನಿಗೆ ವಿಶ್ ಮಾಡಬೇಕಿತ್ತು,” ಎಂದೆ. “ಇವತ್ತು ಅರವತ್ತಲ್ವಾ.”



“ವಿ ಡೋಂಟ್ ಕೀಪ್ ದಟ್ ಡೇಟ್, ಅಂಕಲ್,” ಎಂದಳು. “ಅದರ್ ಒನ್ ಆಲ್ಸೋ. ಅವರು ಎರಡೂ ಬೇಡ ಅಂತಾರೆ.”

ಫೋನ್ ಅವರಿಗೆ ಕೊಡುತ್ತೀಯಾ ಎಂದು ಕೇಳಿದೆ. ಮಲಗಿದ್ದಾರೆ ಎಂದಳು. ಹಿಂದೆ ಅವರು ಕೊಂಕಣಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು, ಅಥವಾ ಅದು ಟಿವಿ ಇರಬಹುದು. ಏನಾದರೂ ಹೇಳಬೇಕಲ್ಲ ಎಂದು, ಕಾಲೇಜು ಹೇಗಿದೆ ಎಂದು ಕೇಳಿದೆ.

“ಚೆನ್ನಾಗಿದೆ,” ಎಂದಳು, ಮೊದಲ ಸಲ ಪೂರ್ತಿ ಕನ್ನಡದಲ್ಲಿ. “ಕ್ಲಾಸಿನಲ್ಲಿ ಎಲ್ಲರೂ ನನಗಿಂತ ಒಂದು ವರ್ಷ ಚಿಕ್ಕವರು. ಅಕ್ಕ ಅಂತ ಕರೀತಾರೆ.”